ಮಂಜು ನೋಡಿ ದಾರಿ ಹಿಡಿಯಿರಿ

“ಹೋಗಿದ್ವಿ ಕಣೇ, ಬರೀ ಮಂಜು. ಏನೂ ಕಾಣಲಿಲ್ಲ.”

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲ ಕನ್ನಡಿಗರ ಮನೆಗಳಲ್ಲಿ ಪಾಯಿಂಟ್ ರೇಯ್ಸ್ ಹೆಸರೆತ್ತಿದರೆ ಈ ಮಾತು ಕೇಳಿಸದೆ ಇರುವುದು ಅಪರೂಪ. ಗಂಡ ಹೆಂಡತಿ ಇಬ್ಬರೇ ಎರಡು ದಿನ ಆರಾಮಾಗಿ ಇದ್ದು ಬರೋಣವೆಂದು ಹೊರಡುತ್ತಾರೆ. ಹಿಂದಿನ ರಾತ್ರಿ ಯೂಟ್ಯೂಬ್ ನೋಡಿ ಪಟ್ಟಿ ತಯಾರಾಗುತ್ತದೆ: ದೀಪಸ್ತಂಭ, ಮೂರು ಬೀಚು, ಒಂದು ಜಲಪಾತ, ಎಲ್ಕ್ ಜಿಂಕೆ, ಎಲ್ಲರೂ ನಿಂತು ಫೋಟೊ ತೆಗೆಸಿಕೊಳ್ಳುವ ಆ ಮರಗಳ ಸುರಂಗ. ಭಾನುವಾರ ರಾತ್ರಿ ಮನೆಗೆ ಬಂದು ಲೆಕ್ಕ ಹಾಕಿದರೆ ಕಾರಿನಲ್ಲಿ ಕೂತದ್ದೇ ಹೆಚ್ಚು, ಕಾಲಿಗೆ ಮಣ್ಣು ಹತ್ತಿದ್ದು ಕಡಿಮೆ. ಆಡಿದ ಮಾತಿನಲ್ಲಿ ಅರ್ಧ ಪಾರ್ಕಿಂಗ್ ಕುರಿತದ್ದು. ನಮ್ಮ ಮೊದಲ ಪ್ರವಾಸವೂ ಹೀಗೇ ಆಯಿತು. ತಪ್ಪು ಮಂಜಿನದಲ್ಲ, ಪಟ್ಟಿಯದು.

ಜಾಗದ ಪರಿಚಯ ಚುಟುಕಾಗಿ ಹೇಳಿಬಿಡುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ. ಸಾವಿರಾರು ವರ್ಷ ಕೋಸ್ಟ್ ಮಿವೊಕ್ ಜನ ಬಾಳಿದ ನೆಲ. 1603ರ ಜನವರಿ 6ರಂದು, ಕ್ರೈಸ್ತರ ಮೂವರು ರಾಜರ ಹಬ್ಬದ ದಿನ, ಹಡಗಿನಲ್ಲಿ ಹಾದುಹೋದ ಸ್ಪೇನಿನ ಸೆಬಾಸ್ಟಿಯನ್ ವಿಸ್ಕಾಯ್ನೊ ಇದಕ್ಕೆ ‘ರಾಜರ ಭೂಶಿರ’ ಎಂಬರ್ಥದ ಹೆಸರಿಟ್ಟ. 1962ರಲ್ಲಿ ಅಧ್ಯಕ್ಷ ಕೆನಡಿ ಸಹಿ ಹಾಕಿ ಇದನ್ನು ನ್ಯಾಷನಲ್ ಸೀಶೋರ್ ಮಾಡಿದರು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆ ಹೆಸರಿನ ಉದ್ಯಾನ ಇದೊಂದೇ. ಸುಮಾರು 71,000 ಎಕರೆ. ಪ್ರವೇಶ ಶುಲ್ಕ ಇಲ್ಲ. ಹೋಗಲು ಒಳ್ಳೆಯ ಕಾಲ ಶರತ್ಕಾಲ.

ಶರತ್ಕಾಲವೇ ಏಕೆ?

ಮಂಜು ಹೇಗೆ ಹುಟ್ಟುತ್ತದೆ ಎಂದು ತಿಳಿದರೆ ಅರ್ಧ ಪ್ರವಾಸ ತಾನೇ ಸರಿಹೋಗುತ್ತದೆ. ಇಲ್ಲಿನ ಕಡಲು ಮಲ್ಪೆ, ಗೋಕರ್ಣಗಳ ಕಡಲಿನಂತೆ ಬೆಚ್ಚಗಿಲ್ಲ. ವಸಂತ ಮತ್ತು ಬೇಸಿಗೆಯಲ್ಲಿ ವಾಯವ್ಯದಿಂದ ಬೀಸುವ ಗಾಳಿ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ಆ ತೆರವಿಗೆ ಆಳದ ತಣ್ಣೀರು ಮೇಲೇಳುತ್ತದೆ. ತೇವದ ಗಾಳಿ ಈ ನೀರಿನ ಮೇಲೆ ಹಾದಾಗ ತಣಿದು ಮಂಜಾಗುತ್ತದೆ. ಅದೇ ಹೊತ್ತಿಗೆ ಒಳನಾಡಿನ ಸೆಂಟ್ರಲ್ ವ್ಯಾಲಿ ಕಾದ ಕಾವಲಿಯಾಗಿರುತ್ತದೆ. ಅಲ್ಲಿ ಬಿಸಿಗಾಳಿ ಮೇಲೇರಿದಷ್ಟೂ ಕಡಲ ಕಡೆಯ ತಂಪು, ಮಂಜು ಸಮೇತ, ಒಳಕ್ಕೆ ನುಗ್ಗುತ್ತದೆ. ಜುಲೈ ರಜೆಗೆ ಹೋದವರು ಸ್ವೆಟರ್ ಹೊದ್ದು ನಡುಗುತ್ತಾ ಬರುವುದು ಇದರಿಂದ.

ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ಒಳನಾಡಿನ ಕಾವು ಇಳಿಯುತ್ತದೆ, ವಾಯವ್ಯದ ಗಾಳಿಯೂ ಸೋಲುತ್ತದೆ. ಮಳೆ ಇನ್ನೂ ಶುರುವಾಗಿರುವುದಿಲ್ಲ. ಹೀಗಾಗಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಇಲ್ಲಿ ವರ್ಷದಲ್ಲೇ ತಿಳಿಯಾದ ದಿನಗಳು. ಆದರೂ ಮಂಜು ಪೂರ್ತಿ ರಜೆ ಹಾಕುವುದಿಲ್ಲ, ಬಂದರೂ ಎಲ್ಲ ಕಡೆಗೂ ಬರುವುದಿಲ್ಲ.

ಉದ್ಯಾನದ ನಡುವೆ ಇನ್ವರ್ನೆಸ್ ಎಂಬ ಗುಡ್ಡದ ಸಾಲಿದೆ. ಅದರ ಅತಿ ಎತ್ತರದ ತುದಿ ಮೌಂಟ್ ವಿಟನ್‌ಬರ್ಗ್, 1,407 ಅಡಿ. ನಮ್ಮ ಘಟ್ಟದ ಸಾಲಿನ ಹೋಲಿಕೆಯಲ್ಲಿ ದಿಬ್ಬವಷ್ಟೇ. ಆದರೆ ಮಾಡುವ ಕೆಲಸ ಘಟ್ಟದ್ದೇ. ಆಗುಂಬೆಯಲ್ಲಿ ಮೋಡ ಸುರಿದು ಬಯಲುಸೀಮೆಗೆ ಬರಿ ಗಾಳಿ ಕಳಿಸುವ ಹಾಗೆ, ಈ ಸಾಲು ಕಡಲ ಮಂಜನ್ನು ಪಶ್ಚಿಮಕ್ಕೇ ತಡೆದು ನಿಲ್ಲಿಸುತ್ತದೆ. ದೀಪಸ್ತಂಭದ ಬಳಿ ಹತ್ತು ಅಡಿ ಮುಂದಿನದು ಕಾಣದ ಹೊತ್ತಿನಲ್ಲೇ ಪೂರ್ವದ ಬೇರ್ ವ್ಯಾಲಿಯಲ್ಲಿ ಜನ ತೋಳಿಲ್ಲದ ಅಂಗಿಯಲ್ಲಿ ಓಡಾಡುತ್ತಿರುತ್ತಾರೆ.

ಆದ್ದರಿಂದ ಯಾವ ದಿನ ಎಲ್ಲಿಗೆ ಎಂಬುದನ್ನು ಮನೆಯಲ್ಲಿ ಕೂತು ತೀರ್ಮಾನಿಸಬೇಡಿ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಗುಡ್ಡದ ನೆತ್ತಿ ನೋಡಿ ತೀರ್ಮಾನಿಸಿ.

ಎರಡು ದಿನದ ಯೋಜನೆ

1. ತಂಗುವುದು ಪೂರ್ವದ ಮಗ್ಗುಲಲ್ಲಿ ಇರಲಿ. ಒಲೀಮಾ, ಪಾಯಿಂಟ್ ರೇಯ್ಸ್ ಸ್ಟೇಷನ್, ಇನ್ವರ್ನೆಸ್, ಮೂರೂ ಸಣ್ಣ ಊರುಗಳು. ಕೋಣೆಗಳು ಕಡಿಮೆ, ವಾರಾಂತ್ಯದಲ್ಲಿ ದುಬಾರಿ. ದಸರಾ, ದೀಪಾವಳಿ, ರಾಜ್ಯೋತ್ಸವ ಎಂದು ಅಕ್ಟೋಬರ್–ನವೆಂಬರಿನ ನಮ್ಮ ಶನಿವಾರಗಳು ಹೇಗೂ ಮುಗಿದಿರುತ್ತವೆ. ಮಂಗಳವಾರ, ಬುಧವಾರ ರಜೆ ಹಾಕಿ ಹೋಗುವುದೇ ಲೇಸು. ಉದ್ಯಾನದೊಳಗಿನ ಕ್ಯಾಂಪ್‌ಗಳಿಗೆ ಕಾರು ಹೋಗುವುದಿಲ್ಲ, ಹೆಚ್ಚಿನವನ್ನು ಹೊರೆ ಹೊತ್ತು ನಡೆದೇ ಮುಟ್ಟಬೇಕು. ಮೊದಲೇ ಕಾಯ್ದಿರಿಸಿ ಪರವಾನಗಿ ಪಡೆಯಬೇಕು.

2. ದಿನಕ್ಕೆ ಒಂದು ದೊಡ್ಡ ನಡಿಗೆ, ಒಂದು ಸಣ್ಣದು. ಅದಕ್ಕಿಂತ ಹೆಚ್ಚು ಬೇಡ. ನಕ್ಷೆಯಲ್ಲಿ ಎಲ್ಲ ಹತ್ತಿರ ಕಂಡರೂ ಬೇರ್ ವ್ಯಾಲಿಯಿಂದ ದೀಪಸ್ತಂಭಕ್ಕೆ ಸುತ್ತುಬಳಸಿನ ದಾರಿಯಲ್ಲಿ ಮುಕ್ಕಾಲು ಗಂಟೆ ಬೇಕು. ಅಲ್ಲಿಂದ ಉತ್ತರ ತುದಿಯ ಟೊಮಾಲೆಸ್ ಪಾಯಿಂಟಿಗೆ ಹೋಗುವುದೆಂದರೆ ಮತ್ತೆ ಬಹಳ ದೂರ ಹಿಂದೆ ಬಂದು ಬೇರೆ ಕವಲು ಹಿಡಿಯಬೇಕು.

3. ಎರಡು ಚೀಟಿ ಬರೆದಿಟ್ಟುಕೊಳ್ಳಿ: ಬಿಸಿಲಿದ್ದರೆ ಇಲ್ಲಿಗೆ, ಮಂಜಿದ್ದರೆ ಅಲ್ಲಿಗೆ. ಬೆಳಿಗ್ಗೆ ಮಂಜಿದ್ದು ಮಧ್ಯಾಹ್ನ ಬಿಡುವುದು ಸಾಮಾನ್ಯ. ಆಗ ಪೂರ್ವದಲ್ಲಿ ನಡೆದು, ಉಂಡು, ಆಮೇಲೆ ಪಶ್ಚಿಮಕ್ಕೆ ಹೋದರಾಯಿತು.

4. ಹಿಂತಿರುಗುವ ಜಾಗವನ್ನಲ್ಲ, ಹಿಂತಿರುಗುವ ಹೊತ್ತನ್ನು ಗೊತ್ತುಮಾಡಿ. ಇಬ್ಬರಲ್ಲಿ ಒಬ್ಬರು ಬಿರುಸಾಗಿ ನಡೆಯುವವರು, ಇನ್ನೊಬ್ಬರು ಪ್ರತಿ ಹಕ್ಕಿಗೂ ನಿಲ್ಲುವವರು. ‘ತುದಿ ಮುಟ್ಟಲೇಬೇಕು’ ಅಂದುಕೊಂಡರೆ ಜಗಳ ಖಂಡಿತ. ‘ಎರಡು ಗಂಟೆಗೆ ಎಲ್ಲಿದ್ದರೂ ತಿರುಗೋಣ’ ಅಂದರೆ ಜಗಳಕ್ಕೆ ಕಾರಣವೇ ಉಳಿಯುವುದಿಲ್ಲ. ನಿಧಾನಿಗಳು ಮುಂದೆ ನಡೆಯಲಿ. ಬಿರುಸಿನವರು ಮುಂದೆ ಹೋದರೆ ದಾರಿಯುದ್ದಕ್ಕೂ ಕಾಯುವುದೂ ಗೊಣಗುವುದೂ ನಡೆಯುತ್ತದೆ. ಇದು ಹದಿನಾರು ವರ್ಷದ ದಾಂಪತ್ಯದಲ್ಲಿ ಕಲಿತದ್ದು.

ಬಿಸಿಲಿನ ದಿನಕ್ಕೆ

ಟೊಮಾಲೆಸ್ ಪಾಯಿಂಟ್ ನಡಿಗೆಗೆ ಸಾಟಿ ಇಲ್ಲ. 1858ರಲ್ಲಿ ಶುರುವಾದ ಪಿಯರ್ಸ್ ಪಾಯಿಂಟ್ ಎಂಬ ಹಳೆಯ ಹೈನುಗಾರಿಕೆಯ ಬಿಳಿ ಕಟ್ಟಡಗಳ ಪಕ್ಕದಿಂದ ದಾರಿ ಹೊರಡುತ್ತದೆ. ಹೋಗಿಬರಲು ಸುಮಾರು 9.5 ಮೈಲಿ, ಅಂದರೆ 15 ಕಿಲೊಮೀಟರ್. ಕೊನೆಯ ಭಾಗ ಮರಳು, ಕಾಲು ಹೂಳುತ್ತದೆ. ಆದರೆ ತುದಿಯವರೆಗೆ ಹೋಗಲೇಬೇಕೆಂಬ ಹಟ ಬೇಡ. ಮೊದಲ ಮೈಲಿಯಲ್ಲೇ ವಿಂಡಿ ಗ್ಯಾಪ್ ಎಂಬ ತಗ್ಗು ಸಿಗುತ್ತದೆ. ಎಡಕ್ಕೆ ತೆರೆದ ಪೆಸಿಫಿಕ್, ಬಲಕ್ಕೆ ಗುಡ್ಡಗಳಾಚೆ ನೀಲಿ ಪಟ್ಟಿಯಂಥ ಟೊಮಾಲೆಸ್ ಕೊಲ್ಲಿ. ಹುಲ್ಲೆಲ್ಲ ಒಣಗಿ ಗೋಧಿ ಬಣ್ಣಕ್ಕೆ ತಿರುಗಿರುತ್ತದೆ.

ಎಲ್ಕ್ ಕಾಣಸಿಗುವುದೂ ಅಲ್ಲೇ. ಟ್ಯೂಲ್ ಎಲ್ಕ್ ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಇರುವ ತಳಿ. ಬೇಟೆಯಿಂದ ನಾಮಾವಶೇಷವಾಗುವ ಹಂತ ಮುಟ್ಟಿ ಬದುಕಿಕೊಂಡಿತು. 1978ರಲ್ಲಿ ಇಲ್ಲಿಗೆ ಹತ್ತನ್ನು ತಂದು ಬಿಟ್ಟರು, ಈಗ ಹಿಂಡುಗಳೇ ಇವೆ. ಆಗಸ್ಟಿನಿಂದ ಅಕ್ಟೋಬರ್ ಅವುಗಳ ಬೆದೆಯ ಕಾಲ. ಗಂಡು ಎಲ್ಕ್ ಆ ಗಾತ್ರಕ್ಕೆ ಗುಡುಗಬೇಕಿತ್ತು. ಅದರ ಬದಲು ಎಣ್ಣೆ ಕಾಣದ ಕಬ್ಬಿಣದ ಗೇಟಿನಂತೆ ಕಿರುಗುಟ್ಟುತ್ತದೆ. ಮೊದಲ ಸಲ ಕೇಳಿದಾಗ ನನ್ನವರು ಹಿಂತಿರುಗಿ ನೋಡಿ “ಯಾರಪ್ಪ ಸೀಟಿ ಹೊಡೆದೋರು?” ಅಂದರು. ಈ ಕಾಲದಲ್ಲಿ ಅವು ಮುಂಗೋಪಿಗಳು. ಕನಿಷ್ಠ 75 ಅಡಿ ದೂರ ಇರಲಿ. ನಿಮ್ಮನ್ನು ನೋಡಿ ಅದು ಮೇಯುವುದು ನಿಲ್ಲಿಸಿತೆಂದರೆ ಇನ್ನೂ ಹಿಂದೆ ಸರಿಯಿರಿ.

ಕಾಲು ಅಷ್ಟು ಕೇಳದಿದ್ದರೆ ಚಿಮ್ನಿ ರಾಕ್ ಇದೆ, ಹೋಗಿಬರಲು 1.75 ಮೈಲಿ. ಅಬಟ್ಸ್ ಲಗೂನ್ 2 ಮೈಲಿ, ಬಹುಪಾಲು ಸಮತಟ್ಟು, ಹಕ್ಕಿ ನೋಡುವವರಿಗೆ ಹಬ್ಬ. ಈ ಉದ್ಯಾನದಲ್ಲಿ ದಾಖಲಾದ ಹಕ್ಕಿ ಜಾತಿಗಳು 490ಕ್ಕೂ ಹೆಚ್ಚು, ಅದರಲ್ಲಿ ವಲಸೆಯ ಹಲವು ಶರತ್ಕಾಲದಲ್ಲಿ ಹಾದುಹೋಗುತ್ತವೆ.

ದೀಪಸ್ತಂಭದ ಕಥೆ ಬೇರೆ. 1870ರಲ್ಲಿ ಕಟ್ಟಿದ್ದು, ಮಸೂರ ಪ್ಯಾರಿಸ್ಸಿನದು. ದೀಪಸ್ತಂಭವೆಂದರೆ ಮೇಲಕ್ಕೆ ಹತ್ತುವುದೆಂದು ನಾವು ಕಾಪು, ಭಟ್ಕಳ ನೋಡಿ ಅಂದುಕೊಂಡಿರುತ್ತೇವೆ. ಇಲ್ಲಿ 313 ಮೆಟ್ಟಿಲು ಇಳಿಯಬೇಕು. ಮಂಜು ಗುಡ್ಡದ ನೆತ್ತಿಯಲ್ಲಿ ಕೂರುವುದರಿಂದ, ಬೆಳಕು ಅದರ ಕೆಳಗಿಂದ ಹಡಗಿಗೆ ಕಾಣಲೆಂದು ಬಂಡೆಯ ಮಗ್ಗುಲನ್ನು ಕೊರೆದು ಕೆಳಗೆ ಕಟ್ಟಿದರು. ಇಳಿಯುವಾಗ ಸುಖ. ಹತ್ತುವುದೆಂದರೆ ಮೂವತ್ತು ಅಂತಸ್ತಿನ ಕಟ್ಟಡ ಹತ್ತಿದಂತೆ. ಊರಿಂದ ಬಂದಿರುವ ಅಪ್ಪ ಅಮ್ಮನನ್ನು ಕರೆದೊಯ್ದವರು ಅವರನ್ನು ಮೇಲೇ ಕೂರಿಸಿ. ಗಾಳಿ ಗಂಟೆಗೆ 40 ಮೈಲಿ ದಾಟಿದರೆ ಮೆಟ್ಟಿಲ ದಾರಿ ಮುಚ್ಚುತ್ತಾರೆ. ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ. ಆ ದಿನ ಬೆಳಿಗ್ಗೆ ಉದ್ಯಾನದ ಜಾಲತಾಣ ನೋಡಿಯೇ ಹೊರಡಿ.

ಮರಗಳ ಸುರಂಗ ದೀಪಸ್ತಂಭಕ್ಕೆ ಹೋಗುವ ರಸ್ತೆಯಲ್ಲೇ ಇದೆ. 1930ರ ಸುಮಾರಿಗೆ ಹಳೆಯ ರೇಡಿಯೊ ಕೇಂದ್ರದ ದಾರಿಗೆ ನೆಟ್ಟ ಸೈಪ್ರೆಸ್ ಸಾಲು. ಹತ್ತು ನಿಮಿಷ ಸಾಕು.

ಮಂಜಿನ ದಿನಕ್ಕೆ

ಬೇರ್ ವ್ಯಾಲಿ ದಾರಿ ಹಿಡಿಯಿರಿ. ಹೊಳೆಯ ಪಕ್ಕ, ಡಗ್ಲಸ್ ಫರ್ ಮರಗಳ ನೆರಳಲ್ಲಿ, ಏರಿಳಿತ ಕಡಿಮೆ ಇರುವ ಅಗಲ ದಾರಿ. ಡಿವೈಡ್ ಮೆಡೊ ಎಂಬ ಹುಲ್ಲುಗಾವಲಿಗೆ 1.6 ಮೈಲಿ. ಅಲ್ಲಿ ಬುತ್ತಿ ಬಿಚ್ಚಿ, ಮನಸ್ಸಿದ್ದರೆ ಮುಂದಕ್ಕೆ ನಡೆಯಿರಿ, ಇಲ್ಲದಿದ್ದರೆ ವಾಪಸ್.

ಬೇರ್ ವ್ಯಾಲಿಯ ಪಾರ್ಕಿಂಗ್ ಎದುರಿಗೇ ಭೂಕಂಪದ ದಾರಿ ಇದೆ. 0.6 ಮೈಲಿಯ ಸುತ್ತು, ಗಟ್ಟಿ ನೆಲ, ವಯಸ್ಸಾದವರಿಗೂ ಸುಲಭ. ಸ್ಯಾನ್ ಆಂಡ್ರಿಯಾಸ್ ಬಿರುಕು ಇಲ್ಲೇ ಹಾಯುತ್ತದೆ. 1906ರ ಭೂಕಂಪದಲ್ಲಿ ಒಂದೇ ಬೇಲಿಯ ಎರಡು ತುಂಡು ಎಷ್ಟು ದೂರ ಸರಿದವು ಎಂದು ತೋರಿಸಲು ಬೇಲಿಯನ್ನು ಹಾಗೇ ಮರಳಿ ನಿಲ್ಲಿಸಿದ್ದಾರೆ. ನಡುವಿನ ಅಂತರ ಸುಮಾರು 16 ಅಡಿ. ಬಿರುಕಿನ ಈಚೆ ನಿಂತವರು ಉತ್ತರ ಅಮೆರಿಕದ ಭೂಫಲಕದ ಮೇಲೆ, ಆಚೆ ನಿಂತವರು ಪೆಸಿಫಿಕ್ ಫಲಕದ ಮೇಲೆ. ಒಬ್ಬೊಬ್ಬರು ಒಂದೊಂದು ಕಡೆ ನಿಂತು ಫೋಟೊ ತೆಗೆಸಿಕೊಳ್ಳುವ ದಂಪತಿಗಳನ್ನು ನೋಡಿದ್ದೇನೆ. ನಾವೂ ತೆಗೆಸಿಕೊಂಡೆವು.

ನೀರಿಗಿಳಿಯುವ ಆಸೆ ಇದ್ದರೆ ಟೊಮಾಲೆಸ್ ಕೊಲ್ಲಿಯ ಹಾರ್ಟ್ಸ್ ಡಿಸೈರ್ ಬೀಚ್. ಇದು ಪಕ್ಕದ ರಾಜ್ಯ ಉದ್ಯಾನದ್ದು, ವಾಹನಕ್ಕೆ ಶುಲ್ಕ ಇದೆ. ಗುಡ್ಡದ ಮರೆಯಲ್ಲಿರುವುದರಿಂದ ಅಲೆ ಇಲ್ಲ, ನೀರು ಕಡಲಿನಷ್ಟು ಕೊರೆಯುವುದಿಲ್ಲ.

ಈ ಕೊಲ್ಲಿಗೆ ಇನ್ನೊಂದು ಗುಟ್ಟಿದೆ. ಬೇಸಿಗೆಯಿಂದ ಶರತ್ಕಾಲದವರೆಗೆ ಕತ್ತಲ ರಾತ್ರಿಗಳಲ್ಲಿ ನೀರು ಕಲಕಿದರೆ ಸೂಕ್ಷ್ಮಜೀವಿಗಳು ನೀಲಿಯಾಗಿ ಮಿನುಗುತ್ತವೆ. ಚಂದ್ರ ಇರಬಾರದು ಅಷ್ಟೆ. ದೀಪಾವಳಿ ಬರುವುದೇ ಅಮಾವಾಸ್ಯೆಗೆ. ಆ ಆಸುಪಾಸಿನ ರಾತ್ರಿಗಳು ಇದಕ್ಕೆ ಹೇಳಿ ಮಾಡಿಸಿದವು. ರಾತ್ರಿ ಕಯಾಕ್‌ನಲ್ಲಿ ಕರೆದೊಯ್ಯುವವರಿದ್ದಾರೆ. ಒಂಟಿಯಾಗಿ ಇಳಿಯಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಗಡಿಯಾರ ಮರೆಯುವುದು. ನವೆಂಬರಿನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹಿಂದಿನ ವಾರ ಆರು ಗಂಟೆ ದಾಟಿ ಮುಳುಗುತ್ತಿದ್ದ ಸೂರ್ಯ ಇದ್ದಕ್ಕಿದ್ದಂತೆ ಐದರ ಸುಮಾರಿಗೆ ಮುಳುಗುತ್ತಾನೆ. ಒಂದು ವರ್ಷ ಆ ವಾರವೇ ಮಧ್ಯಾಹ್ನ ಎರಡೂವರೆಗೆ ಟೊಮಾಲೆಸ್ ಪಾಯಿಂಟಿಗೆ ಹೊರಟೆವು. ಕೊನೆಯ ಒಂದೂವರೆ ಮೈಲಿ ಮೊಬೈಲ್ ಬೆಳಕಿನಲ್ಲಿ ನಡೆದದ್ದು. ದಾರಿಯ ಬದಿಯಲ್ಲಿ ಎಲ್ಕ್‌ಗಳ ಕಣ್ಣು ಜೋಡಿ ಜೋಡಿಯಾಗಿ ಹೊಳೆಯುತ್ತಿದ್ದವು. ನನ್ನವರು ಹನುಮಾನ್ ಚಾಲೀಸ ಶುರುಮಾಡಿ ಎರಡನೇ ಸಾಲಿಗೇ ಮರೆತರು. ಈಗ ಎರಡು ತಲೆಟಾರ್ಚು ಕಾರಿನಲ್ಲೇ ಇರುತ್ತವೆ.

ಜಲಪಾತದ ಆಸೆ. ಆಲಮಿಯರ್ ಜಲಪಾತ ನೇರ ಬೀಚಿಗೆ ಬೀಳುತ್ತದೆ, ಫೋಟೊದಲ್ಲಿ ಅದ್ಭುತ. ಆದರೆ ನಡಿಗೆ ಶುರುವಾಗುವ ಪಾಲೊಮರಿನ್‌ನಿಂದ ಹೋಗಿಬರಲು 13 ಮೈಲಿ, 21 ಕಿಲೊಮೀಟರ್. ಮಳೆಗೆ ಮುಂಚಿನ ಶರತ್ಕಾಲದಲ್ಲಿ ನೀರು ಸಣ್ಣಗೆ ಇಳಿದಿರುತ್ತದೆ. ಜನ ತುಳಿದು ಮಾಡಿದ ಒಳದಾರಿ ಕುಸಿಯುವ ಮಣ್ಣಿನದು, ಮುಳ್ಳುಪೊದೆಯದು, ಉದ್ಯಾನದವರೇ ಬೇಡವೆನ್ನುತ್ತಾರೆ. ಆರಾಮದ ಪ್ರವಾಸಕ್ಕೆ ಇದು ಹೊಂದುವುದಿಲ್ಲ.

ಕೆಂಪೆಲೆ ಹುಡುಕುವುದು. ವರ್ಮಾಂಟಿನ ಫೋಟೊ ತಲೆಯಲ್ಲಿಟ್ಟುಕೊಂಡು ಬಂದವರಿಗೆ ಇಲ್ಲಿ ಕಾಣುವ ಚಂದದ ಕೆಂಪು ಬಹುಪಾಲು ಪಾಯಿಸನ್ ಓಕ್‌ನದು. ಮೂರು ಮೂರು ಎಲೆಯ ಗೊಂಚಲು. ಗೇರಿನ ಕುಟುಂಬದ್ದೇ ಗಿಡ. ಹಸಿ ಗೇರುಬೀಜದ ಸಿಪ್ಪೆಯ ಸೊನೆ ತಾಗಿ ತುಟಿ ಸುಟ್ಟುಕೊಂಡ ಕರಾವಳಿಯವರಿಗೆ ಹೆಚ್ಚು ವಿವರಿಸಬೇಕಿಲ್ಲ. ಇದರ ಎಣ್ಣೆಯೂ ಅಂಥದ್ದೇ, ತುರಿಕೆ ವಾರಗಟ್ಟಲೆ ಕಾಡುತ್ತದೆ. ಎಲೆ ಕಿತ್ತು ಮುಡಿಗೆ ಸಿಕ್ಕಿಸಿ ಫೋಟೊ ತೆಗೆಸಿಕೊಳ್ಳಬೇಡಿ. ತಾಗಿದರೆ ತಡಮಾಡದೆ ಸೋಪು ಹಾಕಿ ತಣ್ಣೀರಲ್ಲಿ ತೊಳೆಯಿರಿ, ಬಟ್ಟೆಯನ್ನೂ ಬೇರೆಯಾಗಿ ಒಗೆಯಿರಿ.

ಒಂದೇ ದಪ್ಪ ಜಾಕೆಟ್. ಗುಡ್ಡ ದಾಟಿದರೆ ಹವೆ ಬದಲಾಗುವ ಜಾಗದಲ್ಲಿ ತೆಳುವಾದ ಮೂರು ಪದರ ಒಳ್ಳೆಯದು. ಹತ್ತಿ ಬಟ್ಟೆ ಮಂಜಿಗೆ ತೇವ ಹಿಡಿದರೆ ಬೇಗ ಆರುವುದಿಲ್ಲ.

ಊಟ ಅಲ್ಲೇ ಸಿಗುತ್ತದೆಂಬ ನಂಬಿಕೆ. ಪಾಯಿಂಟ್ ರೇಯ್ಸ್ ಸ್ಟೇಷನ್ನಿನಲ್ಲಿ ಬೇಕರಿ, ದಿನಸಿ ಅಂಗಡಿ ಇವೆ. ಕೊಲ್ಲಿಯ ಹೆಸರುವಾಸಿ ತಿನಿಸು ಸಿಂಪಿ. ಸಸ್ಯಾಹಾರಿಗಳು ಪುಳಿಯೋಗರೆಯನ್ನೋ ಚಪಾತಿ–ಪಲ್ಯದ ಸುರುಳಿಯನ್ನೋ ಕಟ್ಟಿಕೊಂಡು ಹೋಗುವುದು ವಾಸಿ. ಒಬ್ಬರಿಗೆ ಎರಡು ಲೀಟರ್ ನೀರು, ದಾರಿಯಲ್ಲಿ ಕುಡಿಯುವ ನೀರಿಲ್ಲ. ಬುತ್ತಿ ಚೀಲವನ್ನು ಬೀಚಿನಲ್ಲಿಟ್ಟು ದೂರ ಹೋಗಬೇಡಿ. ಇಲ್ಲಿನ ರೇವನ್ ಎಂಬ ದೊಡ್ಡ ಕಾಗೆ ನಮ್ಮ ಶ್ರಾದ್ಧದ ಕಾಗೆಯ ಹಾಗೆ ಕರೆಯುವವರೆಗೆ ಕಾಯುವುದಿಲ್ಲ.

ಎಚ್ಚರಿಕೆ

ಪಶ್ಚಿಮದ ಉದ್ದನೆಯ ಬೀಚುಗಳಲ್ಲಿ ನೀರಿಗೆ ಇಳಿಯಲೇಬೇಡಿ. ಮೊಣಕಾಲಷ್ಟೂ ಬೇಡ. ನೀರು ಸುಮಾರು 10ರಿಂದ 13 ಡಿಗ್ರಿ ಸೆಲ್ಸಿಯಸ್, ಸೆಳೆತ ಬಲವಾದದ್ದು. ಹತ್ತಾರು ಸಣ್ಣ ಅಲೆಗಳ ನಂತರ ಸದ್ದಿಲ್ಲದೆ ದೊಡ್ಡದೊಂದು ದಡದ ಮೇಲಕ್ಕೆ ನುಗ್ಗುತ್ತದೆ; ಇಂಗ್ಲಿಷಿನವರು ಸ್ನೀಕರ್ ವೇವ್ ಅನ್ನುವ ಕಳ್ಳ ಅಲೆ. ಕಡಲಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವವರನ್ನೇ ಅದು ಎಳೆದೊಯ್ಯುವುದು.

ಬಂಡೆಯ ಅಂಚಿನಿಂದಲೂ ದೂರ ಇರಿ, ಅಡಿಯಲ್ಲೂ ಕೂರಬೇಡಿ. 2015ರ ಮಾರ್ಚಿನಲ್ಲಿ ಆರ್ಚ್ ರಾಕ್ ಎಂಬಲ್ಲಿ ನಿಂತಿದ್ದವರ ಕಾಲಡಿಯ ಅಂಚು ಕುಸಿದು ಒಬ್ಬರು ಸತ್ತರು.

ಬಂಡೆಗಳ ಕೆಳಗಿನ ಬೀಚಿನಲ್ಲಿ ನಡೆಯುವುದಾದರೆ ಉಬ್ಬರ–ಇಳಿತದ ವೇಳಾಪಟ್ಟಿ ಕಡ್ಡಾಯ. ನೀರು ಇಳಿಯುತ್ತಿರುವಾಗ ಹೋಗಿ, ಏರಲು ಶುರುವಾಗುವ ಮುಂಚೆ ಮರಳಿ. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ಹೆಚ್ಚು ಎಂಬ ನಮ್ಮ ಮೀನುಗಾರರ ಲೆಕ್ಕ ಇಲ್ಲಿಗೂ ಸರಿ. ಕರಾರುವಾಕ್ಕಾದ ಹೊತ್ತಿಗೆ ಅಮೆರಿಕದ ಸರಕಾರಿ ಸಂಸ್ಥೆ ನೋವಾ ಪ್ರಕಟಿಸುವ ಪಟ್ಟಿ ನೋಡಿ.

ಬೆಂಕಿ. ಮಳೆಗೆ ಮುಂಚಿನ ಈ ತಿಂಗಳುಗಳೇ ಕಾಳ್ಗಿಚ್ಚಿನ ಕಾಲ. 1995ರ ಅಕ್ಟೋಬರಿನಲ್ಲಿ ಯಾರೋ ನಿಯಮ ಮೀರಿ ಹಚ್ಚಿದ ಕ್ಯಾಂಪ್ ಬೆಂಕಿ ಪೂರ್ತಿ ಆರದೆ ಉಳಿದು, ಗಾಳಿಗೆ ಹಬ್ಬಿ, 12,000 ಎಕರೆ ದಾಟಿ ಸುಟ್ಟಿತು. ಕ್ಯಾಂಪ್‌ಗಳಲ್ಲಿ ಕಟ್ಟಿಗೆ ಒಲೆಗೆ ಅನುಮತಿಯಿಲ್ಲ. ಬೆಂಕಿಯ ಅಪಾಯ ಹೆಚ್ಚೆಂದು ಸಾರುವ ರೆಡ್ ಫ್ಲಾಗ್ ಎಚ್ಚರಿಕೆ ಇರುವ ದಿನ ಪ್ರವಾಸವನ್ನೇ ಮುಂದೂಡಿ.

ಮೊಬೈಲ್ ಸಿಗ್ನಲ್ ಬಹಳ ಕಡೆ ಸಿಗುವುದಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಪೆಟ್ರೋಲ್ ಊರಿನಲ್ಲೇ ತುಂಬಿಸಿ. ಕಾರಿನ ಸೀಟಿನ ಮೇಲೆ ಕೈಚೀಲ, ಲ್ಯಾಪ್‌ಟಾಪ್ ಕಾಣುವಂತೆ ಬಿಡಬೇಡಿ. ನಡಿಗೆ ಮುಗಿದ ಮೇಲೆ ಕಾಲು, ಮೊಣಕಾಲ ಹಿಂಭಾಗದಲ್ಲಿ ಉಣುಗು ಹತ್ತಿದೆಯೇ ಎಂದು ಒಬ್ಬರಿಗೊಬ್ಬರು ನೋಡಿಕೊಳ್ಳಿ.

ನಾವು ಈವರೆಗೆ ಆರು ಸಲ ಹೋಗಿದ್ದೇವೆ. ದೀಪಸ್ತಂಭದ ಮೆಟ್ಟಿಲು ಎರಡು ಸಲ ಮುಚ್ಚಿತ್ತು. ಆಲಮಿಯರ್ ಜಲಪಾತವನ್ನು ಇನ್ನೂ ನೋಡಿಲ್ಲ.